ಗಾಲಿ ಸವೆದ ಬಗೆ

ಘಟಪ್ರಭೆಯ ದಂಡೆಯ ಮೇಲೆ ಸುಭದ್ರಕ್ಕನ ಮನೆ. ಒಂದು ಕಾಲಕ್ಕೆ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದಾಕೆ. ಈಗ ತಲೆ ನೆರೆತಿದೆ, ಸೈಕಲ್ ಬಿಟ್ಟಿಲ್ಲ. ಕಲಿಯಲು ಬಂದವರಿಗೆ ಕಲಿಸುತ್ತಾಳೆ, ಬಾರದವರನ್ನು ಕರೆಯುವುದಿಲ್ಲ. ಶಿಷ್ಯರು ಆಕೆಯನ್ನು ಅಕ್ಕಾರ ಎನ್ನುತ್ತಾರೆ.

ಒಂದು ಬೆಳಿಗ್ಗೆ ಶಿಷ್ಯ ಭರಮು ಸೈಕಲ್ ತಳ್ಳಿಕೊಂಡು ಅಂಗಳಕ್ಕೆ ಬಂದ. ಹಿಂದಿನ ದಿನ ಪಂದ್ಯದಲ್ಲಿ ಸೋತಿದ್ದ. ಏರಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ಇಳಿಜಾರಿನಲ್ಲಿ ಒಬ್ಬೊಬ್ಬರಿಗೇ ದಾರಿ ಬಿಟ್ಟುಕೊಟ್ಟು, ಕೊನೆಗೆ ಹಿಂದಿನ ಗುಂಪಿನೊಳಗೊಬ್ಬನಾಗಿ ಗುರಿ ಸೇರಿದ್ದ. ಮುಂದಿನದು ಆಯ್ಕೆಯ ಪಂದ್ಯ. ಅದರಲ್ಲೂ ಹೀಗಾದರೆ ರಾಜ್ಯದ ತಂಡದ ಆಸೆ ಬಿಡಬೇಕಾಗಿತ್ತು.

“ಅಕ್ಕಾರ, ಗಾಲಿ ಬದಲಿ ಮಾಡಬೇಕ್ರಿ.”

“ಮಾಡು.”

“ಯಾವು ತರಬೇಕು ಅಂತ ತಿಳೀವಲ್ದು.”

ಸುಭದ್ರಕ್ಕ ಚೈನಿಗೆ ಎಣ್ಣೆ ಬಿಡುತ್ತಿದ್ದಳು. ಭರಮು ಹೇಳುತ್ತಾ ಹೋದ. ಕಾರ್ಬನ್ ಗಾಲಿ ಹಗುರ. ಅಂಚು ಅಗಲವಿದ್ದರೆ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಆದರೆ ಅಡ್ಡಗಾಳಿ ಬಂದರೆ ಸೈಕಲ್ಲನ್ನು ಪಕ್ಕಕ್ಕೆ ಎಳೆಯುತ್ತದೆ. ಅಲ್ಯುಮಿನಿಯಂ ಗಾಲಿ ಗಟ್ಟಿ, ಆದರೆ ಭಾರ. ಗಾಲಿಯ ಸ್ಪೋಕ್ ಕಡ್ಡಿ ಕಡಿಮೆ ಇದ್ದರೆ ಒಂದು ಲಾಭ, ಹೆಚ್ಚಿದ್ದರೆ ಇನ್ನೊಂದು. ರಾತ್ರಿಯಿಡೀ ಇದನ್ನೇ ಯೋಚಿಸಿ ಅವನ ನಿದ್ದೆ ಕೆಟ್ಟಿತ್ತು.

ಆಕೆ ಪೂರ್ತಿ ಕೇಳಿಸಿಕೊಂಡಳು.

“ಹಳೇ ಗಾಲಿಗೆ ಏನಾಗೇತಿ?”

“ಸವದಾವ್ರಿ.”

“ಬಿಚ್ಚು.”

ಭರಮು ಮುಂದಿನ ಗಾಲಿ ಬಿಚ್ಚಿದ. ಆಕೆ ಅವನ ಬೆರಳು ಹಿಡಿದು, ಬ್ರೇಕ್ ಉಜ್ಜುವ ಅಂಚಿನ ಮೇಲೆ ಇಟ್ಟಳು. ಗಂಧ ತೇಯ್ದ ಸಾಣೆಕಲ್ಲಿನ ಹಾಗೆ ಅದು ಒಳಕ್ಕೆ ಬಾಗಿತ್ತು.

ಆಮೇಲೆ ತನ್ನ ಸೈಕಲ್ಲಿನ ಗಾಲಿ ತೋರಿಸಿದಳು. ಅವನು ಅದರ ಅಂಚನ್ನೂ ಸವರಿದ. ಅದು ಹೆಚ್ಚುಕಡಿಮೆ ಸಮನಾಗಿಯೇ ಇತ್ತು.

“ಇದು ನಿಂದಕ್ಕಿಂತ ಹಳೇದು,” ಅಂದಳು.

“ಹೌದ್ರಿ.”

“ಹೆಚ್ಚು ಓಡೇತಿ.”

“ಹೌದ್ರಿ.”

“ಮತ್ತ ನಿಂದ್ಯಾಕ ಸವೀತು?”

ಭರಮು ಎರಡೂ ಅಂಚುಗಳನ್ನು ಮತ್ತೊಮ್ಮೆ ಸವರಿ ನೋಡಿದ.

“ಓಡಿ ಸವದದ್ದಲ್ಲ ಇದು,” ಅಂದಳು ಸುಭದ್ರಕ್ಕ. “ತಡದು ತಡದು ಸವದದ್ದು.”

“ಘಟ್ಟದಾಗ ಬ್ರೇಕ್ ಹಿಡೀದ ಹ್ಯಾಂಗ ಇಳೀಬೇಕ್ರಿ?”

“ಹಿಡೀಬ್ಯಾಡ ಅಂದ್ನೇನು? ಎಲ್ಲಿಂದ ಎಲ್ಲೀತನಕ ಹಿಡೀತಿ?”

ಭರಮು ತಲೆ ತಗ್ಗಿಸಿದ. “ಮ್ಯಾಲಿಂದ ಕೆಳಗಿನತನಕ.”

ಹೋದ ಮಳೆಗಾಲ ಘಟ್ಟದ ದೊಡ್ಡ ತಿರುವಿನಲ್ಲಿ ಅವನ ಜೊತೆಗಾರ ಈರಯ್ಯ ಬಿದ್ದಿದ್ದ. ಭರಮು ಬೆನ್ನ ಹಿಂದೆಯೇ ಇದ್ದ. ಮೊಣಕಾಲು ಕಲ್ಲಿಗೆ ಬಡಿದ ಸದ್ದು ಅವನಿಗೆ ಕೇಳಿಸಿತ್ತು. ಈರಯ್ಯ ಈಗ ಚೆನ್ನಾಗಿ ನಡೆಯುತ್ತಾನೆ, ಸೈಕಲ್ ಮಾತ್ರ ಮುಟ್ಟುವುದಿಲ್ಲ. ಅಂದಿನಿಂದ ಇಳಿಜಾರು ಕಂಡರೆ ಭರಮುವಿನ ಬೆರಳು ಬ್ರೇಕನ್ನು ಬಿಡುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ.

ಆಕೆಯೂ ಕೇಳಲಿಲ್ಲ.

“ಕಾರ್ಬನ್ ತಂದು ಹಿಂಗ ಉದ್ದಕ್ಕೂ ಹಿಡಿದ್ರ ಅಂಚು ಕಾದು ಕೆಡತೈತಿ. ಟ್ಯೂಬ್ ಸಿಡೀತೈತಿ,” ಅಂದಳು.

“ಹಂಗಾರ ಅಲ್ಯುಮಿನಿಯಂ ತರ್ಲ್ಯಾ?”

“ಅದನ್ನೂ ಸವಸ್ತಿ. ತಡಾ ಆಗತೈತಿ, ಅಷ್ಟ.”

“ಮತ್ತ ಯಾವು ತರಲಿ, ಅಕ್ಕಾರ?”

ಆಕೆ ಎಣ್ಣೆಯ ಡಬ್ಬಿ ಬದಿಗಿಟ್ಟಳು. ಒಳಗಿನಿಂದ ಸಾದಾ ಗಾಲಿಗಳ ಒಂದು ಜೋಡಿ ತಂದು ಅವನ ಸೈಕಲ್ಲಿಗೆ ಹಾಕಿಸಿದಳು. ಬ್ರೇಕ್ ಒತ್ತಿ ನೋಡಿದಳು.

“ನಡಿ.”

ಇಬ್ಬರೂ ಘಟ್ಟ ಹತ್ತಿದರು. ಮೇಲೆ ನಿಂತು ಆಕೆ ಅಂದಳು: “ನನ್ನ ಹಿಂದ ಬಾ. ನಾ ಹಿಡಿದಲ್ಲಿ ಹಿಡಿ. ಬಿಟ್ಟಲ್ಲಿ ಬಿಡು.”

ನೇರ ರಸ್ತೆಯಲ್ಲಿ ಸುಭದ್ರಕ್ಕ ಸೈಕಲ್ಲನ್ನು ಹರಿಯಬಿಟ್ಟಳು. ತಿರುವಿಗೆ ಮುಂಚೆ ಒಮ್ಮೆ ಬಿಗಿಯಾಗಿ ಹಿಡಿದಳು, ಬಿಟ್ಟಳು, ಒಳಕ್ಕೆ ವಾಲಿ ಮರೆಯಾದಳು. ಭರಮು ಹಿಡಿದ. ಬಿಡಲಿಲ್ಲ. ದೊಡ್ಡ ತಿರುವಿನಲ್ಲಿ ಹೆಚ್ಚುಕಡಿಮೆ ನಿಂತೇಬಿಟ್ಟ.

ಕೆಳಗೆ ಆಕೆ ಕಾಯುತ್ತಿದ್ದಳು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸೈಕಲ್ ತಿರುಗಿಸಿ ಮತ್ತೆ ಏರತೊಡಗಿದಳು.

ಮತ್ತೆ ಇಳಿದರು. ಮತ್ತೆ ಹತ್ತಿದರು. ಪ್ರತಿ ಸಲವೂ ಆಕೆಯ ಬೆನ್ನು ಅದೇ ತಿರುವಿನಲ್ಲಿ ದೂರವಾಗುತ್ತಿತ್ತು. ಭರಮುವಿಗೆ ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಆಮೇಲೆ ದಣಿವಿನಲ್ಲಿ ಎರಡೂ ಹೋದವು.

ಹೊತ್ತು ನೆತ್ತಿಗೆ ಬಂದಾಗ ಇಳಿದ ಇಳಿತದಲ್ಲಿ, ತಿರುವಿಗೆ ಮುಂಚೆ ಆಕೆ ಹಿಡಿದಳು. ಅವನೂ ಹಿಡಿದ. ಆಕೆ ಬಿಟ್ಟಳು. ಅವನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಸೈಕಲ್ ತಾನಾಗಿ ವಾಲಿತು. ಈರಯ್ಯ ಬಿದ್ದ ಕಲ್ಲು ಪಕ್ಕದಲ್ಲಿ ಸರಿದುಹೋಯಿತು. ಕಿವಿಯ ತುಂಬ ಗಾಳಿ.

ಘಟ್ಟದ ಬುಡದಲ್ಲಿ ಅವನ ಗಾಲಿ ಆಕೆಯ ಗಾಲಿಗೆ ಗೇಣು ದೂರದಲ್ಲಿತ್ತು.

ಸುಭದ್ರಕ್ಕ ಹೊಳೆಗಿಳಿದು ಮುಖ ತೊಳೆದಳು. ಭರಮು ಕಲ್ಲಿನ ಮೇಲೆ ಕೂತು ಈರಯ್ಯನ ಮಾತು ತೆಗೆದ. ಬಿದ್ದದ್ದು, ಸದ್ದು, ಎಲ್ಲ ಹೇಳಿದ. ಆಕೆ ನೀರಿನಲ್ಲಿ ನಿಂತೇ ಕೇಳಿದಳು.

ಹೇಳಿ ಮುಗಿಸಿ ಅವನು ಅಂದ: “ಸಾದಾ ಅಲ್ಯುಮಿನಿಯಂ ಗಾಲೀನ ತರ್ತೀನ್ರಿ, ಅಕ್ಕಾರ. ನಮ್ಮ ರಸ್ತೇಕ ಅವು ಸಾಕು.”

“ತಾ.”

“ಒಂದು ಮಾತು ಕೇಳ್ಲ್ಯಾ?”

“ಕೇಳು.”

“ಆ ತಿರುವಿನ್ಯಾಗ ನಿಮಗ ಅಂಜಿಕಿ ಆಗಂಗಿಲ್ಲೇನ್ರಿ?”

ಸುಭದ್ರಕ್ಕ ತೋಳಿನಿಂದ ಮುಖ ಒರೆಸಿಕೊಂಡಳು.

“ಆಗತೈತಿ,” ಅಂದಳು. “ಅದನ್ನ ಬ್ರೇಕಿಗೆ ಹೇಳಂಗಿಲ್ಲ.”