ನೆಟ್ಟಗೆ ನಿಂತ ಹಲಗೆ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಫಲವನ್ನು ಬಯಸಬೇಡ ಎನ್ನುತ್ತೀರಿ. ಬಯಸಿದ್ದು ಕೈಗೆ ಬಾರದಿದ್ದರೆ, ಒಂದು ವಿದ್ಯೆಗಾಗಿ ಇಷ್ಟು ವರ್ಷ ಮೈ ಸವೆಸುವುದಾದರೂ ಏತಕ್ಕೆ?"

ಗುರುಗಳು ಈ ಕತೆ ಹೇಳಿದರು.

ಕಡಲ ತೀರದ ಊರೊಂದರಲ್ಲಿ ಒಬ್ಬ ಹೆಂಗಸಿದ್ದಳು. ಹಲಗೆಯ ಮೇಲೆ ನಿಂತು ಅಲೆಯ ಮೇಲೆ ಜಾರುವ ಸರ್ಫಿಂಗ್ ಅವಳ ವಿದ್ಯೆ. ಚಿಕ್ಕಂದಿನಿಂದ ಅದೊಂದನ್ನೇ ಹಚ್ಚಿಕೊಂಡು ಬೆಳೆದವಳು. ಊರಿನ ಮರಳ ದಡದ ಅಲೆಗಳೆಲ್ಲ ಅವಳಿಗೆ ಮನೆಯ ಅಂಗಳವಾಗಿದ್ದವು. ಆದರೆ ದೂರದ ದ್ವೀಪವೊಂದರಲ್ಲಿ ಒಂದು ಅಲೆ ಇದೆಯೆಂದು ಕೇಳಿದಂದಿನಿಂದ ಅವಳ ಮನಸ್ಸು ಅಲ್ಲಿಯೇ ಇತ್ತು. ಆಳದ ಕಡಲಿನಿಂದ ಬಂದ ಅಲೆ ಅಲ್ಲಿ ಹವಳದ ದಿಬ್ಬಕ್ಕೆ ತಾಗಿ ಒಮ್ಮೆಲೇ ಏಳುತ್ತದೆ. ಬಾಗಿ ಮುರಿಯುವಾಗ ತನ್ನೊಳಗೆ ಒಬ್ಬರು ನಿಂತು ಸಾಗುವಷ್ಟು ಪೊಳ್ಳು ಬಿಡುತ್ತದೆ. ಕೆಳಗೆ ಆಳುದ್ದದ ನೀರು, ಅದರಡಿ ಗರಗಸದಂಥ ಹವಳ. ಪಳಗಿದವರಲ್ಲದೆ ಬೇರೆಯವರು ಅತ್ತ ಸುಳಿಯುವುದಿಲ್ಲ.

ಅವಳ ಒಂದು ಮೊಣಕಾಲು ಸವೆದಿತ್ತು. ಇನ್ನು ಹೆಚ್ಚು ಕಾಲ ಹಲಗೆಯ ಮೇಲೆ ನಿಲ್ಲಲಾಗದು ಎಂದು ವೈದ್ಯರು ಹೇಳಿಬಿಟ್ಟಿದ್ದರು. ಅವಳು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಹಡಗು ಹತ್ತಿದಳು.

ದ್ವೀಪ ತಲುಪಿದಾಗ ಕಡಲು ಕೆರೆಯಂತೆ ಮಲಗಿತ್ತು. ಅಲ್ಲಿನ ದೋಣಿಯವನೊಬ್ಬ ಅವಳನ್ನು ತನ್ನ ಮನೆಯಲ್ಲಿ ಇಳಿಸಿಕೊಂಡ. ಬೆಳಗಾದರೆ ಅವಳು ದಿಬ್ಬದ ಕಡೆ ನೋಡುವಳು. ಏನೂ ಇರದು. ಒಳಗೆ ಬಂದು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವಳು. ದೋಣಿಯವನ ಹೆಂಡತಿ ಮರುಗಿ, ಕಡಲಿಗೆ ಅವಸರ ಹೇಳುವವರು ಯಾರೂ ಇಲ್ಲವಮ್ಮ ಎಂದು ಸಮಾಧಾನ ಮಾಡುವಳು. ಊರಿಗೆ ಮರಳುವ ಹಡಗು ಇನ್ನೇನು ಬರುತ್ತದೆ ಎನ್ನುವಾಗ ದಕ್ಷಿಣದಲ್ಲೆಲ್ಲೋ ಬಿರುಗಾಳಿ ಎದ್ದಿತು. ಅದರ ಅಲೆಗಳು ದಿಬ್ಬಕ್ಕೆ ಬಂದು ಮುಟ್ಟಿದವು.

ದೋಣಿಯವನು ಅವಳನ್ನು ಕರೆದುಕೊಂಡು ಹೋಗಿ ದಿಬ್ಬದ ಪಕ್ಕದ ಆಳ ನೀರಿನಲ್ಲಿ ಲಂಗರು ಹಾಕಿದ. ಅಲ್ಲಿ ಆಗಲೇ ಒಬ್ಬ ಪರವೂರಿನವನು ಅಲೆ ಏರುತ್ತಿದ್ದ. ಬಲ್ಲವನೇ, ಆದರೆ ಇನ್ನೊಬ್ಬರ ಸರದಿಗೆ ಬೆಲೆ ಕೊಡುವವನಲ್ಲ. ಅವಳು ಸಣ್ಣ ಅಲೆಗಳನ್ನು ಅವನಿಗೇ ಬಿಟ್ಟು ದೊಡ್ಡದಕ್ಕೆ ಕಾದಳು. ದೊಡ್ಡದು ಬಂತು. ಅವಳು ಕೈಯಿಂದ ನೀರೆಳೆಯುತ್ತ ಹೊರಟಳು. ಅವನು ಅಡ್ಡ ನುಗ್ಗಿ ಅದನ್ನೂ ಏರಿಬಿಟ್ಟ. ಡಿಕ್ಕಿಯಾದೀತೆಂದು ಅವಳು ಹಲಗೆಯನ್ನು ಹಿಂದಕ್ಕೆಳೆದುಕೊಂಡಳು. ಬಿದ್ದರೆ ಬೀಳಲಿ ಎಂದು ಅವಳ ಮನಸ್ಸು ಅಂದುಕೊಂಡಿತು.

ಅವನು ಬಿದ್ದ. ಅಲೆ ದಾಟಿಹೋದ ಮೇಲೆ, ದೂರದ ನೊರೆಯಲ್ಲಿ ಅವನ ಹಲಗೆ ನೆಟ್ಟಗೆ ನಿಂತದ್ದು ಅವಳಿಗೆ ಕಂಡಿತು. ಅಲೆ ಏರುವವರು ಹಲಗೆಯನ್ನು ಹಗ್ಗದಿಂದ ಕಾಲಿಗೆ ಕಟ್ಟಿಕೊಂಡಿರುತ್ತಾರೆ. ಹಲಗೆ ಹಾಗೆ ನಿಂತಿದೆಯೆಂದರೆ ಹಗ್ಗ ಹವಳಕ್ಕೆ ಸಿಕ್ಕಿದೆ, ಮನುಷ್ಯ ನೀರಿನಡಿಯಲ್ಲಿದ್ದಾನೆ ಎಂದೇ ಅರ್ಥ.

ದೋಣಿ ದಿಬ್ಬದ ಮೇಲೆ ಬಂದರೆ ಒಡೆದು ಹೋಳಾಗುತ್ತದೆ. ಈಜಿ ಹೋದರೆ ಅವನ ಉಸಿರು ಅಲ್ಲಿಯವರೆಗೆ ತಾಳದು. ಅಷ್ಟರಲ್ಲಿ ಅವಳ ಹಿಂದೆ ಇನ್ನೊಂದು ಅಲೆ ಎದ್ದಿತು. ಮೊದಲಿನದಕ್ಕಿಂತ ದೊಡ್ಡದು. ಅವನ ಬಳಿಗೆ ಬೇಗ ಒಯ್ಯುವುದು ಅದೊಂದೇ.

ಅವಳು ಹಲಗೆ ತಿರುಗಿಸಿದಳು, ಎದ್ದು ನಿಂತಳು. ಅಲೆ ಅವಳ ತಲೆಯ ಮೇಲೆ ಬಾಗಿ ಮುಚ್ಚಿಕೊಂಡಿತು. ಹೋದಳು ಎಂದುಕೊಂಡ ದೋಣಿಯವನು. ಅವಳು ಅದರ ಇನ್ನೊಂದು ತುದಿಯಿಂದ ಹೊರಬಂದಳು. ಬಲ್ಲವರು ಅಲ್ಲಿಂದ ಆಳದ ಕಡೆಗೆ ಜಾರಿ ಪಾರಾಗುತ್ತಾರೆ. ಅವಳು ನಿಂತ ಹಲಗೆಯ ಬಳಿ, ಹವಳದ ಮೇಲೆಯೇ, ನೀರಿಗೆ ಬಿದ್ದಳು. ಅಲೆ ಅವಳ ಬೆನ್ನ ಮೇಲೆ ಮುರಿಯಿತು. ಅದು ಹೋದ ಕೂಡಲೇ ಅವನ ಹಗ್ಗ ಹಿಡಿದು ಕೆಳಗಿಳಿದು, ಅದನ್ನು ಅವನ ಕಾಲಿನಿಂದ ಬಿಚ್ಚಿ, ಅವನನ್ನು ಮೇಲಕ್ಕೆ ತಂದು ದೋಣಿಯತ್ತ ಎಳೆದೊಯ್ದಳು.

ದೋಣಿಯಲ್ಲಿ ಅವನು ನೀರು ಕಾರಿಕೊಂಡು ಉಸಿರೆಳೆದ. ಮಾತು ಬಂದ ಮೇಲೆ, ಸರದಿ ನಿಮ್ಮದಿತ್ತು ಎಂದು ಹೇಳಿ ಮುಖ ಮುಚ್ಚಿಕೊಂಡ. ಅವಳ ಮೊಣಕಾಲು ಹವಳಕ್ಕೆ ಬಡಿದು ಬಾತುಹೋಗಿತ್ತು. ಹವಳ ಕೊಯ್ದ ಗಾಯ ಕೀವಾಗದಿರಲೆಂದು ದೋಣಿಯವನು ನಿಂಬೆಹುಳಿ ಹಿಂಡುತ್ತ ಹೇಳಿದ: "ನಾನು ಹುಟ್ಟಿದ್ದೇ ಈ ದಿಬ್ಬದ ಎದುರು, ತಾಯಿ. ಇಂಥ ಅಲೆ ಕಂಡಿಲ್ಲ. ಅದರ ಹೊಟ್ಟೆಯೊಳಗೆ ಹೊಕ್ಕು ಬಂದಿರಿ. ಒಳಗೆ ಹೇಗಿತ್ತು?"

ಅವಳು ನೆನಪು ಮಾಡಿಕೊಳ್ಳಲು ನೋಡಿದಳು. ಏನೂ ಸಿಗಲಿಲ್ಲ.

"ನೋಡಲಿಲ್ಲ ಅಣ್ಣ," ಎಂದಳು. "ಕಣ್ಣು ಆ ಹಲಗೆಯ ಮೇಲಿತ್ತು."

ಹಾಗೆಂದು ಕಡಲ ಕಡೆ ತಿರುಗಿ ಸ್ವಲ್ಪ ಹೊತ್ತು ಅತ್ತಳು. ಆ ಮೊಣಕಾಲು ಮತ್ತೆ ಸರಿಯಾಗಲಿಲ್ಲ. ಅವಳು ಇನ್ನೊಂದು ಅಲೆ ಏರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮನಸ್ಸು ಭಾರವಾಗಿತ್ತು. "ಪಾಪ, ಜೀವಮಾನವೆಲ್ಲ ಬಯಸಿದ ಅಲೆ ಸಿಕ್ಕಿಯೂ ದಕ್ಕಲಿಲ್ಲವಲ್ಲ," ಎಂದ. "ಅವಳು ಕಲಿತದ್ದೆಲ್ಲ ಏನಾಯಿತು?"

"ಅದನ್ನು ದಡ ಸೇರಿದವನನ್ನು ಕೇಳು," ಎಂದರು ಗುರುಗಳು.