ಗಂಟು ನೋಡದವರು

ಇದನ್ನ ಯಾರಿಗೂ ಹೇಳ್ಬೇಡ ಅಂತ ಚಿಕ್ಕಜ್ಜಿ ಆಣೆ ಹಾಕಿಸ್ಕೊಂಡಿದ್ರು. ಅವರ ಟ್ರಂಕಿನಲ್ಲಿದ್ದ, ರಟ್ಟು ಕಿತ್ತುಹೋದ ಹಳೇ ಕಾದಂಬರಿ ಓದಿ ಹೇಳಿದ ಕತೆ ಇದು. "ಬಾವಿ ತೋಡೋರ ಗುಟ್ಟು ಕಣೇ, ಹೊರಗೆ ಹೋಗ್ಬಾರ್ದು" ಅಂದಿದ್ರು. ಮೊದಲ್ನೇ ಸಲ ಹೇಳ್ತಿದೀನಿ, ನಗಬೇಡಿ.

ಕೆಂಗಲ್ಲು ಕೋಟೆ ರಾಜ ಡಂಗುರ ಹೊಡೆಸಿದ. "ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡ್ತೀನಿ. ತಪ್ಪಿದವರಿಗೆ ಹುಣ್ಣಿಮೆ ದಿನ ತಲೆ ಇರಲ್ಲ!"

ಈ ರಾಜನಿಗೆ ಎಲ್ಲರ ಮೇಲೂ ಅನುಮಾನ. ಮೂರು ಜನ ತಿಂದು ನೋಡಿದ ಮೇಲೇ ಉಣ್ತಿದ್ದ.

ಬಾವಿ ತೋಡೋ ಓಬನಿಗೆ ರಾಜನ ಮೇಲೇ ಅನುಮಾನ. ಅವನ ಜೊತೆಗಾರ ದುರುಗ ಕೋಟೆಯೊಳಗೆ ಏನೋ ತೋಡೋಕೆ ಹೋದವನು ಆರು ತಿಂಗಳಾದ್ರೂ ಬಂದಿರಲಿಲ್ಲ. "ಕೂಲಿ ಇಸ್ಕೊಂಡು ಹೋದ್ನಲ್ಲ" ಅಂತಿದ್ರು ಕಾವಲಿನವರು. ಒಳಗೆ ಹೋಗೋಕೆ ಒಗಟೇ ದಾರಿ ಅಂತ ಓಬ ಹೊರಟ.

"ದುಡಿದಷ್ಟೂ ಹೊಳೆಯುತ್ತೆ, ಸುಮ್ಮನೆ ಕೂತ್ರೆ ಕೆಂಪಾಗಿ ಸಾಯುತ್ತೆ. ಏನದು?" ತುಂಬಿದ ಸಭೇಲಿ ರಾಜ ಕೇಳಿದ.

"ಸೂರ್ಯ!" ಅಂದ ಒಬ್ಬ ರಾಜಕುಮಾರ.

"ಅದು ನಾಳೆ ಮತ್ತೆ ಹುಟ್ಟುತ್ತಲ್ಲಯ್ಯಾ. ಎಳ್ಕೊಂಡು ಹೋಗಿ!"

"ಹಾರೆ, ಬುದ್ಧೀ," ಅಂದ ಓಬ. "ಮೂಲೇಲಿಟ್ರೆ ತುಕ್ಕು ತಿನ್ನುತ್ತೆ."

"ಬಾಯಿ ಆಕಾಶಕ್ಕೆ, ನೀರು ಕುಡಿಯೋದು ಕಾಲಿಂದ. ಏನದು?"

ಒಬ್ಬ ಪಂಡಿತರು "ಮರ" ಅಂದ್ರು.

"ಮರಕ್ಕೆ ಬಾಯೆಲ್ಲಿದೆ ಪಂಡಿತರೇ?" ಅವರನ್ನೂ ಎಳ್ಕೊಂಡು ಹೋದ್ರು.

"ಬಾವಿ. ಅದಕ್ಕೆ ನೀರು ಬರೋದು ತಳದ ಸೆಲೆಯಿಂದ," ಅಂದ ಓಬ. ಮನಸ್ಸಲ್ಲೇ ಅಂದ್ಕೊಂಡ: ಎರಡೂ ನಮ್ಮ ಕೆಲಸದ ಒಗಟೇ. ಅರಮನೇಲಿ ಯಾರು ಕಟ್ಟಿದ್ರು?

"ಜೀವ ನೇತಾಡೋದು ಒಂದು ಗಂಟಿನ ಮೇಲೆ. ಹಾಕಿದ್ದು ನಾನಲ್ಲ, ನಾನದನ್ನ ನೋಡೋದೂ ಇಲ್ಲ. ಆದ್ರೂ ಹೆದರಿಕೆಯಿಲ್ಲ. ಏನದು?"

ಓಬನ ಕಣ್ಣು ತುಂಬ್ಕೊಂಡ್ವು. "ಬಾವಿಗಿಳಿಯೋವನ ಸೊಂಟದ ಹಗ್ಗ. ಗಂಟು ಹಾಕೋನು ಮೇಲೆ ನಿಲ್ಲೋ ಜೊತೆಗಾರ. ಇಳಿಯೋವನು ಗಂಟು ನೋಡಿದ್ರೆ ಹಾಕಿದವನಿಗೆ ಅವಮಾನ, ಆವತ್ತು ಕೆಲಸವೇ ನಿಲ್ಲುತ್ತೆ. ಇದು ನಮ್ಮೋರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಬುದ್ಧೀ. ಒಗಟು ಕಟ್ಟಿದ್ದು ದುರುಗ. ಅವನನ್ನ ಬಿಡಿ. ಈಗ ಎಳ್ಕೊಂಡು ಹೋದ ಇಬ್ಬರನ್ನೂ ಬಿಡಿ."

ರಾಜನ ಮುಖ ಬಿಳಿಚಿಕೊಳ್ತು. ಯಾರಾದ್ರೂ ಕೊಲ್ಲೋಕೆ ಬಂದ್ರೆ ತಪ್ಪಿಸಿಕೊಳ್ಳೋಕೆ ಅಂತ ತನ್ನ ಕೋಣೆಯಿಂದ ಗುಟ್ಟಾಗಿ ಸುರಂಗ ತೋಡಿಸಿ, ಬಾಯಿ ಬಿಟ್ಟಾನು ಅಂತ ದುರುಗನನ್ನ ಕೂಡಿಹಾಕಿದ್ದ. ಕೂಡಿಹಾಕಿದವನಿಂದ ಉತ್ತರ ಹೊರಗೆ ಹೋಗಲ್ಲ ಅಂತ ಒಗಟನ್ನೂ ಅವನ ಕೈಲೇ ಕಟ್ಟಿಸಿದ್ದ. ಆದ್ರೆ ಕೊಟ್ಟ ಮಾತನ್ನ ಇಡೀ ಸಭೆ ಕೇಳಿತ್ತು. ಬಿಡಲೇಬೇಕಾಯ್ತು.

"ಇಷ್ಟು ತಡವೇನೋ?" ಅಂದ ದುರುಗ, ಹೊರಗೆ ಬಂದವನೇ.

"ನೀನು ಇನ್ನೂ ಸುಲಭದ್ದು ಕಟ್ಟಬೇಕಿತ್ತು," ಅಂದ ಓಬ.

ಅವರು ಹೋದ ಮೇಲೆ ರಾಜ ಒಂದು ಹಗ್ಗ ತರಿಸಿದ. ಮಂತ್ರಿ ಅವನ ಸೊಂಟಕ್ಕೆ ಗಂಟು ಹಾಕಿದ. ರಾಜ ನೋಡಿದ. ಬಿಚ್ಚಿಸಿ ಸೇನಾಪತಿ ಕೈಲಿ ಹಾಕಿಸಿದ. ಮತ್ತೆ ನೋಡಿದ. ತಮ್ಮನ ಕೈಲಿ ಹಾಕಿಸಿದ. ಆಗಲೂ ನೋಡಿದ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ.

ಸಂಜೆ ಊಟ ತಂದವರು ಬಾಗಿಲು ಬಡಿದ್ರು. "ಬುದ್ಧೀ... ಬುದ್ಧೀ..." ಅಂತ ಕೂಗಿದ್ರು.

ಬಾಗಿಲು ಒಡೆದು ನೋಡಿದ್ರೆ ಕೋಣೆ ಖಾಲಿ, ನೆಲದಲ್ಲಿ ಸುರಂಗದ ಬಾಯಿ ತೆರೆದಿತ್ತು.