ನರಿಯ ಕೊರಳಿನ ಅಳತೆ

ಒಂದು ಕಾಡಿನಲ್ಲಿ ಒಂದೇ ಒಂದು ಕೆರೆ ಇತ್ತು. ಮಳೆಗಾಲದಲ್ಲಿ ಅದರ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬೇಸಿಗೆ ಬಂದು ಹಳ್ಳ ಬತ್ತಿತೆಂದರೆ ಸಾಕು, ಕಾಡಿನ ಜೀವವೆಲ್ಲ ಆ ಕೆರೆಯ ಮೇಲೆಯೇ ನಿಲ್ಲುತ್ತಿತ್ತು. ಅದಕ್ಕೇ ಪ್ರತಿವರ್ಷ ಮಳೆ ಬೀಳುವ ಮುಂಚೆ ಪ್ರಾಣಿಗಳೆಲ್ಲ ಸೇರಿ ಕೆರೆಯ ಹೂಳು ತೆಗೆದು ಏರಿಯ ಮೇಲೆ ಹಾಕುತ್ತಿದ್ದವು. ಹೂಳು ತೆಗೆದವರಿಗೆ ಮುಂದಿನ ಬೇಸಿಗೆಗೆ ದಂಡೆಯಲ್ಲಿ ನೀರು ಕುಡಿಯಲು ಒಂದು ಜಾಗ. ತೆಗೆಯದವರು ಬೇರೆ ಕಾಡು ನೋಡಿಕೊಳ್ಳಬೇಕು. ಅದು ಅಲ್ಲಿಯ ಕಟ್ಟಳೆ.

ಆ ಕಾಡಿನಲ್ಲಿ ಚಿಪ್ಪಕ್ಕ ಎಂಬ ಚಿಪ್ಪುಹಂದಿ ಇದ್ದಳು. ಆ ವರ್ಷ ಅವಳಿಗೆ ಒಂದು ಮರಿ ಹುಟ್ಟಿತ್ತು. ಅಮ್ಮನ ಬಾಲದ ಬುಡವನ್ನು ತಬ್ಬಿಕೊಂಡು ಅದು ಸವಾರಿ ಮಾಡುತ್ತಿತ್ತು. ಚಿಪ್ಪುಹಂದಿಗಳು ಮರಿ ಹೊರುವುದೇ ಹಾಗೆ. ಅಷ್ಟು ಎಳೆಯ ಮರಿಯನ್ನು ಕಟ್ಟಿಕೊಂಡು ಬೇಸಿಗೆಯಲ್ಲಿ ಬೇರೆ ಕಾಡಿಗೆ ಹೊರಟರೆ ದಾರಿಯಲ್ಲೇ ಅದು ಒಣಗಿಹೋಗುತ್ತದೆ ಎಂದು ಚಿಪ್ಪಕ್ಕನಿಗೆ ಗೊತ್ತಿತ್ತು. ದಂಡೆಯ ಜಾಗ ಅವಳಿಗೆ ಬೇಕೇ ಬೇಕಾಗಿತ್ತು.

ಮೊದಲೆಲ್ಲ ಯಾರಿಗೆ ಹೇಗೆ ಬರುತ್ತದೋ ಹಾಗೆ ಕೆಲಸ ಮಾಡುತ್ತಿದ್ದರು. ಕಾಡುಹಂದಿ ಮೂತಿಯಿಂದ ನೂಕುತ್ತಿತ್ತು, ಚಿಪ್ಪಕ್ಕ ಉಗುರಿನಿಂದ ಗಟ್ಟಿ ಮಣ್ಣು ಸಡಿಲ ಮಾಡಿ ಕೊಡುತ್ತಿದ್ದಳು. ಆ ವರ್ಷ ನರಿಯಣ್ಣ ಎದ್ದು ನಿಂತ. ಒಬ್ಬರು ನೂಕುತ್ತಾರೆ, ಒಬ್ಬರು ಕೆರೆಯುತ್ತಾರೆ, ಯಾರು ದುಡಿದರು ಯಾರು ಮೈಗಳ್ಳರು ಎಂದು ತಿಳಿಯುವುದು ಹೇಗೆ ಎಂದು ಕೇಳಿದ. ತಾನೇ ಬುಟ್ಟಿ ಹೆಣೆದು ಕೊಡುತ್ತೇನೆ, ಎಲ್ಲರಿಗೂ ಒಂದೇ ಅಳತೆಯ ಬುಟ್ಟಿ, ಅದನ್ನು ಕೊರಳಿಗೆ ತೂಗಿಕೊಳ್ಳಲು ಒಂದೇ ಅಳತೆಯ ಬಳ್ಳಿ. ಚೆಲ್ಲದೆ ಏರಿ ಹತ್ತಿಸಿದವರಿಗೆ ಜಾಗ, ಚೆಲ್ಲಿದವರಿಗೆ ಇಲ್ಲ ಎಂದ. ಕೇಳಲು ಎಷ್ಟು ನ್ಯಾಯವಾಗಿತ್ತೆಂದರೆ ಹಿರಿಯನಾದ ಕಾಟಿಯಜ್ಜನೂ ತಲೆಯಾಡಿಸಿಬಿಟ್ಟ. ಕಾಟಿ ಎಂದರೆ ಕಾಡುಕೋಣ. ಅವನು ತಲೆಯಾಡಿಸಿದ ಮೇಲೆ ಆ ಕಾಡಿನಲ್ಲಿ ಎದುರು ಮಾತಿಲ್ಲ. ನರಿಯಣ್ಣ ಮೇಸ್ತ್ರಿಯಾದ.

ಒಂದು ಸಂಗತಿಯನ್ನು ಮಾತ್ರ ಯಾರೂ ಗಮನಿಸಲಿಲ್ಲ. ಬಳ್ಳಿ ಕತ್ತರಿಸುವಾಗ ನರಿಯಣ್ಣ ಅಳತೆ ತೆಗೆದದ್ದು ತನ್ನ ಕೊರಳಿಗೆ. ಅವನ ಲೆಕ್ಕಾಚಾರ ಬೇರೆಯೇ ಇತ್ತು. ಹೆಚ್ಚಿನವರು ಸೋತರೆ ದಂಡೆ ಖಾಲಿ. ಖಾಲಿ ದಂಡೆಯ ಪೊದೆಯಲ್ಲಿ ಕುಳಿತರೆ, ನೀರಿಗೆ ಬರುವ ಗೌಜಲಹಕ್ಕಿಗಳನ್ನು ಹಿಡಿಯಲು ಅಡ್ಡಿ ಮಾಡುವವರು ಯಾರೂ ಇರುವುದಿಲ್ಲ.

ಕೆಲಸ ಶುರುವಾಯಿತು. ನರಿಯಣ್ಣ ಬುಟ್ಟಿ ತೊಟ್ಟು ಏರಿಯ ಮೇಲೆ ಮದುವೆಗೆ ಹೊರಟವನ ಹಾಗೆ ಸರಸರ ಓಡಾಡಿದ. ಉಳಿದವರ ಪಾಡು ಹೇಳುವಂತಿರಲಿಲ್ಲ. ಕಾಟಿಯಜ್ಜನ ಕೊರಳಿಗೆ ಬಳ್ಳಿ ಸುತ್ತು ಬರಲೇ ಇಲ್ಲ. ಕೊಂಬಿಗೆ ಸಿಕ್ಕಿಸಿಕೊಂಡ. ಬುಟ್ಟಿ ಕಣ್ಣೆದುರಿಗೇ ಜೋತಾಡಿತು. ಏರಿಯ ಬುಡದಲ್ಲಿದ್ದ ಬೇರಿಗೆ ಎಡವಿ ಮುಗ್ಗರಿಸಿದ. ಮುಸುವಣ್ಣ ಎಂಬ ಕೋತಿಗೆ ಬಳ್ಳಿ ಉದ್ದವಾಗಿ, ಬುಟ್ಟಿ ಮೊಣಕಾಲಿಗೆ ಬಡಿಬಡಿದು ಅರ್ಧ ಹೂಳು ದಾರಿಯಲ್ಲೇ ಉಳಿಯಿತು. ಚಿಪ್ಪಕ್ಕನದು ಸೌತೆಕಾಯಿಯ ತುದಿಯಂಥ ಚೂಪು ತಲೆ, ಮೈಯೆಲ್ಲ ನುಣುಪು ಚಿಪ್ಪು. ಏರಿ ಹತ್ತುತ್ತಿದ್ದಂತೆ ಬಳ್ಳಿ ಬೆನ್ನಿನ ಮೇಲೆ ಜಾರಿತು, ಬುಟ್ಟಿ ಹಿಂದಕ್ಕೆ ಹೋಗಿ ಮರಿಗೆ ಬಡಿಯಿತು. ಮರಿ ಉಂಡೆಯಾಗಿ ಸುತ್ತಿಕೊಂಡು ಕೆಳಗೆ ಉರುಳಿತು.

ನರಿಯಣ್ಣ ಏರಿಯ ಮೇಲೆ ನಿಂತು, ಅಕ್ಕನವರು ಕೆಲಸಕ್ಕೆ ಬಂದಿದ್ದಾರೋ ಆಟಕ್ಕೆ ಬಂದಿದ್ದಾರೋ ಎಂದು ಕೇಳಿದ.

ವಿಚಿತ್ರ ನೋಡಿ, ಒಬ್ಬರೂ ಬುಟ್ಟಿಯನ್ನು ಬೈಯಲಿಲ್ಲ. ಕಾಟಿಯಜ್ಜ ತನಗೆ ವಯಸ್ಸಾಯಿತು ಎಂದ. ಮುಸುವಣ್ಣ ತನ್ನ ನಡಿಗೆಯೇ ಸೊಟ್ಟ ಎಂದ. ಚಿಪ್ಪಕ್ಕನೂ ತನ್ನ ಮೈಯೇ ಸರಿಯಿಲ್ಲ ಎಂದುಕೊಂಡಳು. ಮಾರನೆಯ ದಿನ ಬೆಳಕು ಹರಿಯುವ ಮುಂಚೆಯೇ ಬಂದು ಹೊತ್ತು ನೋಡಿದಳು, ಉಸಿರು ಬಿಗಿಹಿಡಿದು ನೋಡಿದಳು. ಬುಟ್ಟಿ ಜಾರಿತು, ಮರಿ ಉರುಳಿತು. ಅವಳಿಗೆ ಅಳುವೇ ಬಂತು.

ಮರಿಯ ಮೈ ನೆಕ್ಕುತ್ತಾ ಒಂದು ಕಡೆ ಕುಳಿತವಳು ಸುಮ್ಮನೆ ಎಲ್ಲರ ಕಾಲು ನೋಡತೊಡಗಿದಳು. ಕಾಟಿಯಜ್ಜ ಪ್ರತಿ ಸಲ ಅದೇ ಬೇರಿಗೆ ಎಡವುತ್ತಿದ್ದ. ವಯಸ್ಸಾದವರು ಅಲ್ಲಲ್ಲಿ ಎಡವುತ್ತಾರೆ, ಒಂದೇ ಕಡೆ ಯಾಕೆ ಎಡವುತ್ತಾರೆ? ಚಿಪ್ಪಕ್ಕ ಹತ್ತಿರ ಹೋಗಿ, ಅಜ್ಜ, ಬುಟ್ಟಿ ಇಳಿಸಿ ಒಂದು ಸಲ ನಡೆದು ಬನ್ನಿ ಎಂದಳು. ಅಜ್ಜ ಬೇರನ್ನು ದಾಟಿ ಆರಾಮವಾಗಿ ಹೋಗಿಬಂದ. ತಲೆಯ ಮುಂದಿದ್ದ ಬುಟ್ಟಿ ನೆಲವನ್ನೇ ಮರೆಮಾಡಿತ್ತು, ಅಷ್ಟೇ. ಇನ್ನೊಂದು ಬುಟ್ಟಿ ತಂದು, ಎರಡನ್ನೂ ಅಜ್ಜನ ಬೆನ್ನಿನ ಎರಡೂ ಪಕ್ಕಕ್ಕೆ ಇಳಿಬಿಟ್ಟಳು. ಎರಡು ಬುಟ್ಟಿ ಹೂಳು ಏರಿ ಹತ್ತಿತು, ಒಂದು ಹಿಡಿ ಚೆಲ್ಲಲಿಲ್ಲ. ಮುಸುವಣ್ಣನ ಬಳ್ಳಿಗೆ ಗಂಟು ಹಾಕಿ ಗಿಡ್ಡ ಮಾಡಿದಳು. ಬುಟ್ಟಿ ಎದೆಗೆ ಅಂಟಿ ನಿಂತಿತು. ಮುಸುವಣ್ಣ ಅನುಮಾನದಿಂದ ತನ್ನ ಕಾಲನ್ನೇ ಬಗ್ಗಿ ನೋಡಿಕೊಂಡ. ಸೊಟ್ಟ ಕಾಣಲಿಲ್ಲ.

ನರಿಯಣ್ಣ ಓಡಿಬಂದ. ಅವನ ಮುಖ ಕಪ್ಪಿಟ್ಟಿತ್ತು. ಗಂಟು ಬಿಚ್ಚಿಸಿದ, ಅಜ್ಜನ ಬೆನ್ನಿನ ಬುಟ್ಟಿ ಇಳಿಸಿದ. ಒಬ್ಬೊಬ್ಬರಿಗೆ ಒಂದೊಂದು ಅಳತೆ ಮಾಡಿದರೆ ನ್ಯಾಯ ಎಲ್ಲಿ ಉಳಿಯಿತು ಎಂದು ಎಲ್ಲರಿಗೂ ಕೇಳುವಂತೆ ಗದರಿದ. ಚಿಪ್ಪಕ್ಕ ಒಂದು ಬುಟ್ಟಿಯನ್ನೂ ಹತ್ತಿಸಿಲ್ಲ, ಅವಳಿಗೆ ದಂಡೆಯಲ್ಲಿ ಜಾಗವಿಲ್ಲ, ಮರಿಯನ್ನು ಕರೆದುಕೊಂಡು ಇವತ್ತೇ ಹೊರಡಲಿ ಎಂದ.

ಚಿಪ್ಪಕ್ಕ ಹಿಂಗಾಲಿನ ಮೇಲೆ ನಿಂತು, ನರಿಯ ಕೊರಳಿನ ಬಳ್ಳಿಯನ್ನೇ ನೋಡುತ್ತ ಕೇಳಿದಳು:

"ಎಲ್ಲರಿಗೂ ಒಂದೇ ಅಳತೆ ಇರಬೇಕು ಅಂತೀಯಲ್ಲ ನರಿಯಣ್ಣ, ಒಪ್ಪಿದೆ. ಆ ಒಂದು ಅಳತೆ ನಿನ್ನದೇ ಯಾಕಾಗಬೇಕು? ಇವತ್ತೊಂದು ದಿನ ನನ್ನದಾಗಲಿ."

ಎಲ್ಲರೂ ನರಿಯ ಕೊರಳು ನೋಡಿದರು. ಬಳ್ಳಿ ಅಲ್ಲಿ ಹೊಲಿಸಿಕೊಂಡ ಹಾಗೆ ಕುಳಿತಿತ್ತು. ಅಳತೆ ಯಾರದೆಂದು ಕಾಟಿಯಜ್ಜನಿಗೆ ಆಗ ತಿಳಿಯಿತು.

"ನ್ಯಾಯ ಅಂದಮೇಲೆ ನ್ಯಾಯವೇ. ಮೇಸ್ತ್ರಿ ಮೊದಲು ಹೊತ್ತು ತೋರಿಸಲಿ," ಎಂದ ಅಜ್ಜ.

ಅಷ್ಟು ಜನರ ಎದುರಿಗೆ ತನ್ನ ಮಾತನ್ನೇ ಬೇಡ ಎನ್ನುವುದು ಹೇಗೆ? ಎರಡು ಬೆರಳು ಬಿಗಿಯಾದರೆ ಏನಾಯಿತು ಎಂದುಕೊಂಡು ನರಿಯಣ್ಣ ಕೊರಳು ಒಡ್ಡಿದ. ಮುಸುವಣ್ಣ ಚಿಪ್ಪಕ್ಕನ ಕೊರಳಿನ ಅಳತೆಗೆ ಬಳ್ಳಿ ಕತ್ತರಿಸಿ, ಅದನ್ನು ಎಳೆದೆಳೆದು ಕಟ್ಟಿದ. ಬಿಗಿಯಾಯಿತೇ ಮೇಸ್ತ್ರಿಗಳೇ ಎಂದು ವಿನಯದಿಂದ ವಿಚಾರಿಸಿದ. ಉತ್ತರ ಹೇಳಲು ನರಿಗೆ ಉಸಿರು ಸಾಲಲಿಲ್ಲ. ಬುಟ್ಟಿ ಗದ್ದಕ್ಕೆ ಒತ್ತಿ ನಿಂತಿತು, ಹೂಳು ಮೂಗಿಗೆ ತಾಗಿತು. ಕಾಲ ಬುಡದ ನೆಲ ಕಾಣಲಿಲ್ಲ. ಅಂದಾಜಿನ ಮೇಲೆ ಏರಿ ಹತ್ತಿದ, ಅಂದಾಜಿನ ಮೇಲೆ ತಿರುಗಿದ. ಅಂಚು ಎಲ್ಲಿದೆ ಎಂದು ತಿಳಿಯದೆ ಉರುಳಿ ಕೆರೆಯ ಕೆಸರಿಗೆ ಬಿದ್ದ.

ಒದ್ದೆಯಾದ ಬಳ್ಳಿ ಇನ್ನೂ ಬಿಗಿಯಿತು. ನರಿ ಕಾಲು ಬಡಿದಷ್ಟೂ ಹುಗಿದುಕೊಂಡ. ಅಲ್ಲಿಗೆ ಇಳಿದು ಬಂದವಳು ಚಿಪ್ಪಕ್ಕನೊಬ್ಬಳೇ. ಕೆಸರು ತೋಡುವುದು ಅವಳಿಗೆ ಹೊಸದಲ್ಲ. ನರಿ ಕಣ್ಣು ಮೇಲೆ ಮಾಡಿ ಏದುಸಿರಿನಲ್ಲಿ ಗೋಗರೆದ:

"ಬಿಡಿಸಕ್ಕಾ. ಗೌಜಲಹಕ್ಕಿ ಬರುವ ದಂಡೆಯಲ್ಲಿ ಅರ್ಧ ನಿನಗೇ ಬಿಡುತ್ತೇನೆ. ದಂಡೆ ಖಾಲಿಯಾಗಲಿ ಅಂತಲೇ ಇಷ್ಟೆಲ್ಲ ಮಾಡಿದ್ದು."

ಏರಿಯ ಮೇಲೆ ನಿಂತವರಿಗೆಲ್ಲ ಅದು ಕೇಳಿಸಿತು. ಚಿಪ್ಪಕ್ಕ ಉಗುರು ಹಾಕಿ ಬಳ್ಳಿ ಕತ್ತರಿಸಿದಳು, ಅವನ ಸುತ್ತ ಕೆಸರು ತೋಡಿ ಬಿಡಿಸಿದಳು.

ನರಿಯಣ್ಣನ ಮೇಸ್ತ್ರಿಕೆ ಅಂದಿಗೇ ಮುಗಿಯಿತು. ದಂಡೆಯಲ್ಲಿ ಅವನಿಗೆ ಜಾಗ ಸಿಕ್ಕಿದ್ದು ಕಾಟಿಯಜ್ಜನ ಕೊಂಬಿನ ಪಕ್ಕದಲ್ಲಿ, ಪೊದೆಗೆ ಬಹಳ ದೂರ. ಅಲ್ಲಿ ನೀರು ಕುಡಿಯಬಹುದು, ಬೇರೇನೂ ಮಾಡುವಂತಿರಲಿಲ್ಲ. ಉಳಿದವರು ತಮ್ಮತಮ್ಮ ಮೈಗೆ ಒಪ್ಪುವಂತೆ ಬುಟ್ಟಿ ಕಟ್ಟಿಕೊಂಡರು. ಚಿಪ್ಪಕ್ಕ ಬುಟ್ಟಿಯನ್ನೇ ಮುಟ್ಟಲಿಲ್ಲ. ಮುಂದೆ ಮುಂದೆ ಹೋಗಿ ಗಟ್ಟಿ ಹೂಳು ಸಡಿಲ ಮಾಡಿ ಕೊಟ್ಟಳು. ಮರಿ ಬಾಲ ಬಿಡದೆ ಕುಳಿತಿತ್ತು.

ಮೋಡ ಕಟ್ಟುವ ಹೊತ್ತಿಗೆ ಕೆಲಸ ಮುಗಿದಿತ್ತು. ಮಳೆ ಧೋ ಎಂದು ಸುರಿಯಿತು, ಏರಿ ಜಗ್ಗಲಿಲ್ಲ, ಕೆರೆ ತುಂಬಿತು. ಮುಂದಿನ ಬೇಸಿಗೆಯಲ್ಲಿ ಕಾಡೆಲ್ಲ ಕಾದ ಬಾಣಲೆಯಂತಾದಾಗ ಚಿಪ್ಪಕ್ಕ ದಂಡೆಗೆ ಇಳಿದಳು. ಬೆಳೆದ ಮರಿ ತಾನಾಗಿಯೇ ಕೆಳಗಿಳಿದು, ಉದ್ದ ನಾಲಗೆ ಚಾಚಿ, ಹೊಟ್ಟೆ ತುಂಬ ನೀರು ಕುಡಿಯಿತು. ಚಿಪ್ಪಕ್ಕ ಅದನ್ನು ನೋಡುತ್ತ ನಿಂತಳು. ಆಮೇಲೆ ತಂಪು ಮಣ್ಣಿನ ಮೇಲೆ ಮೈಚೆಲ್ಲಿ ಉದ್ದಕ್ಕೆ ಮಲಗಿಬಿಟ್ಟಳು.

ನೀತಿ: ಸಲಕರಣೆಯು ಕೆಲಸ ಮಾಡುವವರ ಮೈಗೆ ಹೊಂದಬೇಕು, ತನ್ನ ಅಳತೆಯನ್ನೇ ಎಲ್ಲರ ಮೇಲೆ ಹೇರಿ ಅದನ್ನು ನ್ಯಾಯ ಎನ್ನುವವನು ಕೊನೆಗೆ ತಾನೇ ಸಿಕ್ಕಿಬೀಳುತ್ತಾನೆ.